ಹಳೆಯ ಸ್ಪೀಕರು, ಶೈಲಾಳ ದನಿ

ಹೊಸ ಸ್ಪೀಕರಿನ ಪೆಟ್ಟಿಗೆ ಮೂಲೆಯಲ್ಲೇ ನಿಂತಿದೆ. ಥರ್ಮೋಕೋಲಿನ ವಾಸನೆ ಇನ್ನೂ ಮನೆಯಿಂದ ಹೋಗಿಲ್ಲ. ಹಳೆಯ ಜೋಡಿ ಕೂತಿದ್ದ ಜಾಗದಲ್ಲಿ ಕಾರ್ಪೆಟ್ಟು ಎರಡು ಕಡೆ ಚೌಕಾಕಾರವಾಗಿ ಕುಸಿದಿದೆ. ನಾನು ಅದರ ಮೇಲೆ ಕಾಲಿಡದೆ ಸುತ್ತಿ ಹೋಗುತ್ತೇನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಕೇಳಿ.

ಬಹ್ರೈನಿನ ಬೇಸಗೆಯಲ್ಲಿ ಮನುಷ್ಯ ಮನೆಯೊಳಗೆ ಕೂತು ಏನಾದರೊಂದು ಹುಚ್ಚು ಹಚ್ಚಿಕೊಳ್ಳಲೇಬೇಕು. ನಮ್ಮವರು ಕೆಲವರು ಮೈಸೂರಿನ ಸೈಟುಗಳ ಫೋಟೊ ನೋಡುತ್ತಾರೆ, ಕೆಲವರು ಬಾಲ್ಕನಿಯಲ್ಲಿ ಕರಿಬೇವು ಸಾಕುತ್ತಾರೆ. ನಾನು ಸ್ಪೀಕರು ಸಾಕಿದೆ. ಶುಕ್ರವಾರ ಊಟಕ್ಕೆ ಬಂದವರು ಯಾವ ಕುರ್ಚಿಯಲ್ಲಿ, ಎಷ್ಟು ಒರಗಿ ಕೂರಬೇಕೆಂದು ನಾನೇ ಹೇಳುತ್ತಿದ್ದೆ. “ನೋಡಿ, ಹಾಡುವವರು ಎಲ್ಲಿದ್ದಾರೆ ಅಂತಲೇ ಗೊತ್ತಾಗಲ್ಲ. ಇಡೀ ಗೋಡೆ ಹಾಡ್ತಿದೆ!” ಎಂದು ಕೊಚ್ಚಿಕೊಳ್ಳುತ್ತಿದ್ದೆ. ಪಾಪ, ಊಟ ಮಾಡಿದ ಋಣಕ್ಕೆ ಅವರೂ ತಲೆಯಾಡಿಸುತ್ತಿದ್ದರು.

ಹಾಡುವವಳು ನಮ್ಮ ಮನೆಯಲ್ಲೇ ಇದ್ದಳು. ನನ್ನ ಹೆಂಡತಿ ಶೈಲಾ. ಸೆಗಯಾದ ಸಣ್ಣ ಮನೆ ಬಿಟ್ಟು ಅದ್ಲಿಯಾದ ಈ ಮನೆಗೆ ಬಂದ ವರ್ಷ, ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹಾಡಿದಳು. ಚಹಾ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ಕೇಳಿದರು. ಯಾರೋ ಒಳ್ಳೆಯ ಮೈಕಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಮನೆಯಲ್ಲಿ ಹಾಕಿದೆವು. ದನಿ ಬಿಸ್ಕತ್ತಿನ ಡಬ್ಬಿಯೊಳಗಿಂದ ಬಂದ ಹಾಗೆ, ಟೊಳ್ಳು ಟೊಳ್ಳು.

“ಇದಾ ನನ್ನ ದನಿ?” ಎಂದಳು ಶೈಲಾ. ನಾನು ರೆಕಾರ್ಡಿಂಗ್ ಸರಿಯಿಲ್ಲವೇನೋ ಎಂದೆ. “ಬಿಡಿ. ಮೆಷಿನ್ ಸುಳ್ಳು ಹೇಳಲ್ಲ ಅಂತ ನೀವೇ ಹೇಳ್ತಿರ್ತೀರಲ್ಲ. ಅಷ್ಟು ಜನ ಸುಮ್ನೆ ಮರ್ಯಾದೆಗೆ ಚಪ್ಪಾಳೆ ಹೊಡೆದ್ರು ಅಷ್ಟೆ.” ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಆಮೇಲೆ ಅವಳು ಸ್ನಾನದ ಮನೆಯಲ್ಲಿ ಕೂಡ ಹಾಡಿದ್ದು ನಾನು ಕೇಳಿಲ್ಲ.

ಈ ಬೇಸಗೆಯಲ್ಲಿ ಹಳೆಯ ಸ್ಪೀಕರಿನೊಳಗೆ ದನಿ ಹೊರಡಿಸುವ ಕಾಗದದ ಕೋನಿನ ಸುತ್ತಲಿನ ಸ್ಪಂಜು ಪುಡಿಪುಡಿಯಾಯಿತು. ಒಂದು ಅಂಗಡಿಯವರು ಭಾರಿ ಜೋಡಿಯೊಂದನ್ನು ತಂದು, ಹೊಸ ವೈರು ಎಳೆದು, “ವಾರ ಕೇಳಿ ನೋಡಿ, ಇಷ್ಟವಾಗದಿದ್ದರೆ ವಾಪಸ್” ಎಂದರು. ನನಗೆ ಇಷ್ಟವಾಗಲಿಲ್ಲ. ಯಾವ ಹಾಡು ಹಾಕಿದರೂ ದನಿ ದಪ್ಪ, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಹಾಗೆ. ಸೋಫಾ ಸರಿಸಿದೆ, ಪರದೆ ಎಳೆದೆ, ಸ್ಪೀಕರುಗಳನ್ನು ಗೋಡೆಗೆ ತಾಗಿಸಿದೆ, ಮತ್ತೆ ಎಳೆದೆ. “ನಿಮ್ಮ ಕಿವಿಗೆ ಏನು ಬೇಕೋ ಆ ದೇವರಿಗೇ ಗೊತ್ತು,” ಎಂದಳು ಶೈಲಾ. ವಾಪಸ್ ಕಳಿಸುವುದೆಂದು ತೀರ್ಮಾನಿಸಿದೆ.

ಶುಕ್ರವಾರ ವಸಂತ ಬಂದ. ಉಡುಪಿ ಕಡೆಯವನು, ಇಲ್ಲಿ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ನಾವು ಈ ಮನೆಗೆ ಬಂದಾಗ ವೈರಿಂಗ್ ಮಾಡಿಕೊಟ್ಟವನು ಅವನೇ. ಹಳೆಯ ಜೋಡಿಗೆ ಹೊಸ ಸ್ಪಂಜು ಅಂಟಿಸಿ ತನ್ನ ರೂಮಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದ. ಕಾರ್ಪೆಟ್ಟಿನ ಅಡಿಯಿಂದ ಹಳೆಯ ವೈರು ಎಳೆಯುತ್ತಿದ್ದವನು ಟೇಪು ಸುತ್ತಿದ್ದ ಜೋಡಣೆಯ ಹತ್ತಿರ ತಟ್ಟನೆ ನಿಂತ.

“ಸಾರ್, ಇಲ್ಲಿ ಬನ್ನಿ ಒಮ್ಮೆ. ಎಂತ ಮಾರಾಯ್ರೆ ಇದು! ಪ್ಲಸ್ಸಿಗೆ ಮೈನಸ್ ಜೋಡ್ಸಿ ಆಗಿದೆ. ನಾನೇ ಕಟ್ಟಿದ್ದಲ್ವಾ?” ಅವನು ತಲೆ ಮೇಲೆ ಕೈ ಇಟ್ಟುಕೊಂಡ. “ಖಲಾಸ್!”

ಅವನು ಅದನ್ನು ಕಟ್ಟಿದ ದಿನ ಟಾರ್ಚ್ ಹಿಡಿದು ನಿಂತಿದ್ದವನು ನಾನು. ನೋಡಿ, ಒಂದು ಸ್ಪೀಕರಿನ ತಂತಿ ತಿರುಗುಮುರುಗಾದರೆ, ಅದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎರಡರಲ್ಲೂ ಸಮನಾಗಿ ಬರಬೇಕಾದದ್ದು, ಅಂದರೆ ಹಾಡುವವರ ದನಿ, ಅರ್ಧ ಅಲ್ಲೇ ಸತ್ತುಹೋಗುತ್ತದೆ. ಬೇರೆ ಹಾಡುಗಳಲ್ಲಿ ವಾದ್ಯಗಳು ಅದನ್ನು ಮುಚ್ಚುತ್ತಿದ್ದವು, ಶೈಲಾಳದು ಬರೀ ದನಿ. ಇಡೀ ಗೋಡೆ ಹಾಡುತ್ತದೆ ಎಂದು ನಾನು ಕೊಚ್ಚಿಕೊಂಡದ್ದು ಇದನ್ನೇ! ನನ್ನ ರುಚಿ, ನನ್ನ ಕಿವಿ, ಎಲ್ಲಾ ಆ ತುಂಡು ಟೇಪಿನೊಳಗೆ ಇತ್ತು. ನೆಲದ ಮೇಲೆ ಕೂತುಬಿಟ್ಟೆ.

ಅಡುಗೆಮನೆ ಬಾಗಿಲಲ್ಲಿ ಶೈಲಾ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು.

“ನನ್ನ ರೆಕಾರ್ಡಿಂಗ್ ಹಾಕಿ.”

“ಈಗಲಾ?”

“ಈಗ್ಲೇ ಹಾಕಿ ಅಂದೆ.”

ನಾನು ವಾಪಸ್ ಕಳಿಸಬೇಕೆಂದಿದ್ದ ಆ ಸ್ಪೀಕರುಗಳಲ್ಲಿ ಹಾಕಿದೆ. ಅಯ್ಯೋ! ಕೋಣೆಯ ನಟ್ಟನಡುವೆ ಶೈಲಾ ನಿಂತು ಹಾಡುತ್ತಿದ್ದಳು. ತುಂಬಿದ ದನಿ. ಚರಣಕ್ಕೆ ಮೊದಲು ಎಳೆದುಕೊಂಡ ಉಸಿರು ಕೂಡ ಕೇಳಿಸಿತು. ಸಭೆಯಲ್ಲಿ ಎಲ್ಲರೂ ಲೋಟ ಕೆಳಗಿಟ್ಟು ಕೇಳಿದ್ದು ಇದನ್ನೇ. ವಸಂತ ವೈರು ಹಿಡಿದುಕೊಂಡೇ ನಿಂತಿದ್ದ. ಅವಳು ಅಳಬಹುದೆಂದುಕೊಂಡೆ. ಅಳಲಿಲ್ಲ, ಮುಖ ಬಿಳಚಿಕೊಂಡಿತು.

“ನಾನು ಚೆನ್ನಾಗೇ ಹಾಡಿದ್ದೆ ಕಣ್ರೀ,” ಎಂದಳು. ಆಮೇಲೆ ಜೋರಾಗಿ, “ಚೆನ್ನಾಗೇ ಹಾಡಿದ್ದೆ!”

“ತಪ್ಪಾಯ್ತು ಅಕ್ಕ,” ಎಂದ ವಸಂತ.

“ನಿಮ್ಮ ತಪ್ಪಲ್ಲ ವಸಂತಣ್ಣ. ಆ ದಿನ ಸಭೆಯಲ್ಲಿ ನಮಗೂ ಕಿವಿ ಇತ್ತಲ್ಲ, ಅದನ್ನು ಬಿಟ್ಟು ಮೆಷಿನ್ ನಂಬಿದ್ವಿ.”

ಇನ್ನೊಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಅಷ್ಟಾದ ಮೇಲೂ ನನ್ನ ಕಿವಿಯ ಒಂದು ಮೂಲೆ, ‘ಸ್ವಲ್ಪ ದಪ್ಪವಾಯಿತು, ಮೊದಲಿನದೇ ಚೆನ್ನ’ ಎಂದಿತು. ಥೂ, ಇದೆಂಥ ಕಿವಿ! ನನಗೆ ನನ್ನ ಬಗ್ಗೆಯೇ ದಿಗಿಲಾಯಿತು.

ಹೊಸ ಜೋಡಿ ಇಲ್ಲೇ ಉಳಿಯಿತು. ಆದರೆ ಈಗ, ಈ ಸಂಜೆ, ಅವನ್ನು ಆಫ್ ಮಾಡಿದ್ದೇನೆ. ಶ್ರುತಿಪೆಟ್ಟಿಗೆ ಅಟ್ಟದಿಂದ ಇಳಿದಿದೆ. ಮುಚ್ಚಿದ ಬಾಗಿಲ ಆಚೆ ಶೈಲಾಳ ದನಿ ಮೇಲಿನ ಷಡ್ಜದ ತನಕ ಹತ್ತುತ್ತದೆ, ಒಡೆಯುತ್ತದೆ, ಕೆಮ್ಮುತ್ತದೆ, ಮತ್ತೆ ಕೆಳಗಿನಿಂದ ಶುರುವಾಗುತ್ತದೆ. ನಾನು ಕಾರ್ಪೆಟ್ಟಿನ ಆ ಎರಡು ಗುರುತುಗಳ ನಡುವೆ ಕೂತಿದ್ದೇನೆ.

“ಅಲ್ಲಿ ಕೂತು ನನ್ನ ದನಿ ತೂಕ ಹಾಕ್ಬೇಡಿ, ಎದ್ದು ಹೋಗಿ ಕುಕ್ಕರ್ ನೋಡಿ!” ಒಳಗಿಂದ ಕೂಗಿದಳು.

ಕುಕ್ಕರು ಇನ್ನೂ ಒಂದು ಸಲವೂ ಕೂಗಿರಲಿಲ್ಲ. ಕೂಗಿದರೆ ಅವಳ ದನಿ ಕೇಳಿಸದು. ಒಲೆ ಆರಿಸಿ ಬಂದು, ಈ ಸಲ ಬಾಗಿಲಿಗೇ ಕಿವಿ ಹಚ್ಚಿ ಕೂತೆ. ಅಕ್ಕಿ ಹಾಗೇ ಇರಲಿ.