ಬಿರುಕಿನ ಮೇಲೆ ಇಟ್ಟ ಗಾಜು

ಆಳಂದದಿಂದ ಖಜೂರಿಗೆ ಹೋಗುವ ದಾರಿಯಲ್ಲಿ ಸಾಹುಕಾರರೊಬ್ಬರ ಹೊಲದಲ್ಲಿ ಈಜುವ ಟ್ಯಾಂಕ್ ಇದೆ. ಬೇಸಿಗೆ ರಜೆಯಲ್ಲಿ ಆಳಂದದ ಮಕ್ಕಳು ಅಲ್ಲಿ ಈಜು ಕಲಿಯುತ್ತಾರೆ. ಕಾಂಕ್ರೀಟಿನ ತಳ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಹೋದ ವರ್ಷ ಹಾಳೆ ಹರಿದು ನೀರು ನಿಲ್ಲದಾಯಿತು. ಎತ್ತಿ ನೋಡಿದರೆ ತಳದಲ್ಲಿ ಉದ್ದಕ್ಕೂ ಬಿರುಕು. ಹೊಸ ಹಾಳೆ ಹಾಸುವ ಮೊದಲು ಅದನ್ನು ಮುಚ್ಚುವ ಕೆಲಸ ನನಗೆ ಬಂತು.

ನಾನು ಗೌಂಡಿ. ಐದನೇ ಇಯತ್ತೆಗೆ ಸಾಲೆ ಬಿಟ್ಟು ಕರಣೆ ಹಿಡಿದವನು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ನಾನು ಕಟ್ಟಿದ ಗೋಡೆಗಳಿವೆ, ಒಂದೂ ಬಾಗಿಲ್ಲ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಎರೆ ಮಣ್ಣಿನ ಮೇಲೆ ಕೂತ ಕಾಂಕ್ರೀಟೆಂದರೆ ನನಗೂ ಅಂಜಿಕೆ. ಆ ಮಣ್ಣು ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬಿ ಮೇಲಿದ್ದುದನ್ನು ಎತ್ತಿ ಒಡೆಯುತ್ತದೆ.

ನಾನೂ ನನ್ನ ಹೆಂಡತಿಯೂ ಉಳಿ ಹಿಡಿದು ಬಿರುಕನ್ನು ಅಗಲ ಮಾಡಿದೆವು. ಸಡಿಲಾದದ್ದನ್ನು ಕಿತ್ತು, ಧೂಳು ತೆಗೆದು, ಒದ್ದೆ ಮಾಡಿ ಸಿಮೆಂಟು ತುಂಬಿದೆವು. ಅಂಗೈ ಆಡಿಸಿ ನೋಡಿದೆ; ಒಂದು ಹರಳು ಎದ್ದಿದ್ದರೂ ನೀರಿನ ಭಾರಕ್ಕೆ ಹಾಳೆ ತೂತಾಗುತ್ತದೆ. ಗಟ್ಟಿಯಾದ ಮೇಲೆ ಅಲ್ಲಲ್ಲಿ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ತುಂಡು ಅಂಟಿಸಿದೆ. ತಳ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ನನಗೆ ಕೆಲಸ ಕಲಿಸಿದವರು ಹೀಗೆಯೇ ನೋಡುತ್ತಿದ್ದರು.

ದಿನಾ ಬೆಳಿಗ್ಗೆ ಗಾಡಿ ನಿಲ್ಲಿಸಿ ಮೊದಲು ಟ್ಯಾಂಕಿಗೇ ಇಳಿಯುತ್ತಿದ್ದೆ. ಗಾಜು ಇಡಿಯಾಗಿರುತ್ತಿತ್ತು. ನಾಳೆ ಸೊಲ್ಲಾಪುರದಿಂದ ಹಾಳೆ ಹಾಸುವವರು ಬರಬೇಕು ಅನ್ನುವಾಗ, ಒಂದು ಗಾಜು ಎರಡಾಗಿತ್ತು. ಕೆಳಗೆ ನನ್ನ ಸಿಮೆಂಟಿನಲ್ಲೂ ಕೂದಲಿನಂಥ ಗೆರೆ.

"ಯಾರರೆ ತುಳದಾರೇನ್ರಿ?" ಎಂದಳು ಹೆಂಡತಿ.

"ತುಳದ್ರ ಚೂರುಚೂರು ಆಗ್ತಿತ್ತು. ಇದು ನೆಟ್ಟಗ ಸೀಳ್ಯಾದ."

ಎಲ್ಲಿ ತಪ್ಪಿದೆ ಎಂದು ತಲೆ ಕೆಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಅವಳು ಮೇಲೆ ಹತ್ತಿ ಹೋದಳು. ತುಸು ಹೊತ್ತಿಗೆ ಮೇಲಿಂದಲೇ ಕರೆದಳು.

"ಇಲ್ಲಿ ಬರ್ರಿ. ಕಾಲು ಹುಗೀಲಾಕತ್ಯಾವ."

ಗಾಜು ಒಡೆದಿದ್ದ ಮಗ್ಗಲಿಗೇ, ಟ್ಯಾಂಕಿನ ಹೊರಗೆ, ಹೊಸ ತೆಂಗಿನ ಸಸಿ ನೆಟ್ಟಿದ್ದರು. ಮಕ್ಕಳು ಬರುವ ಹೊತ್ತಿಗೆ ಹಸಿರು ಕಾಣಲೆಂದು ಕೊಳವೆ ಬಾವಿಯ ನೀರನ್ನು ಅದಕ್ಕೆ ಹರಿಬಿಟ್ಟಿದ್ದರು. ಮಣ್ಣು ಉಬ್ಬಿ ಎದ್ದಿತ್ತು.

ಫೋನು ಮಾಡಿದೆ. ಸಾಹುಕಾರರು ಬಂದರು.

"ತೆಂಗಿಗಿ ನೀರು ಬಿಟ್ರ ಟ್ಯಾಂಕಿಗಿ ಏನಾಗ್ತದೋ ಗೌಂಡಿ? ಟ್ಯಾಂಕಿನ್ಯಾಗೂ ನೀರೇ ತುಂಬ್ತೀವಿ."

"ಒಳಗಿನ ನೀರು ಮ್ಯಾಲಿಂದ ಒತ್ತತದ್ರಿ. ಇದು ಮಣ್ಣು ಉಬ್ಬಿಸಿ ಕೆಳಗಿಂದ ಎತ್ತತದ."

"ನಾಳಿ ಹಾಳಿಯವ್ರು ಬರ್ತಾರ. ಹಾಸಿಬಿಡ್ಲಿ. ಕೆಳಗಿಂದು ಯಾರು ನೋಡ್ತಾರ?"

"ಹಾಸ್ರಿ. ಆದ್ರ ಈ ಕೆಲ್ಸ ನಾ ಮಾಡೀನಂತ ಯಾರ ಮುಂದೂ ಹೇಳಬ್ಯಾಡ್ರಿ."

ಅಂದೇನೋ ಬಿಟ್ಟೆ. ಇವರು ಸಿಟ್ಟಾಗಿ ಕಳಿಸಿಬಿಟ್ಟರೆ, ಗೌಂಡಿಯ ಸಿಮೆಂಟು ಬಿರುಕು ಬಿಟ್ಟಿತೆಂಬ ಮಾತು ಸಂಜೆಯೊಳಗೆ ಆಳಂದದ ಚಹಾ ಅಂಗಡಿಗಳಲ್ಲಿ ಓಡಾಡುತ್ತದೆ. ಹೆಂಡತಿ ನನ್ನ ಮುಖ ನೋಡಲಿಲ್ಲ, ಸಲಿಕೆಗೆ ಹತ್ತಿದ ಕೆಸರು ಕೆರೆಯುತ್ತ ನಿಂತಳು.

"ಭಾಳ ಸೊಕ್ಕದ ನಿನಗ," ಎಂದು ಸಾಹುಕಾರರು ಸಸಿಗಳ ಕಡೆ ತಿರುಗಿದರು. ಆಮೇಲೆ ಸೊಲ್ಲಾಪುರಕ್ಕೆ ಫೋನು ಹಚ್ಚಿ, ಹಾಳೆಯವರಿಗೆ ಈಗ ಬರಬೇಡಿ ಎಂದರು.

ಸಸಿ ಕಿತ್ತು ದೂರ ನೆಟ್ಟೆವು. ಟ್ಯಾಂಕಿನ ಸುತ್ತ ಎರೆ ಮಣ್ಣು ತೆಗೆದು, ನೀರಿಗೆ ಉಬ್ಬದ ಗರಸು ಮಣ್ಣು, ಮುರುಮು ತುಂಬಿ, ಮಳೆನೀರು ಆಚೆ ಹರಿದು ಹೋಗುವಂತೆ ಇಳಿಜಾರು ಮಾಡಿದೆವು. ಮಣ್ಣು ಆರುವ ತನಕ ಕಾದು, ಬಿರುಕನ್ನು ಮತ್ತೆ ಬಿಡಿಸಿ ತುಂಬಿ, ಹೊಸ ಗಾಜು ಇಟ್ಟೆವು. ಅದು ಒಡೆಯಲಿಲ್ಲ. ಗಾಜು ಕಿತ್ತು ತಳ ನುಣುಪು ಮಾಡಿಕೊಟ್ಟ ಮೇಲೆ ಹಾಳೆ ಹಾಸಿದರು, ನೀರು ತುಂಬಿದರು.

ನನಗೆ ಮಾತ್ರ ನೆಮ್ಮದಿಯಿಲ್ಲ. ಮಳೆಗಾಲದಲ್ಲಿ ಅಫಜಲಪುರದಲ್ಲಿ ಗೋಡೆ ಎಬ್ಬಿಸುವಾಗ ಮೋಡ ಕಂಡರೆ ಕೈ ನಿಲ್ಲುತ್ತಿತ್ತು. ಜೋರು ಮಳೆಯಾದ ಮರುದಿನ ಸಾಹುಕಾರರ ಫೋನು ಬಂತು. ಧೈರ್ಯ ಸಾಲದೆ ಹೆಂಡತಿಯ ಕೈಗೆ ಕೊಟ್ಟೆ. ಅವಳು "ಹೂನ್ರಿ, ಹೂನ್ರಿ" ಅನ್ನುತ್ತ ಕೇಳಿಸಿಕೊಂಡಳು.

"ಏನಂತ?"

"ನೀರು ಇಳದಿಲ್ಲಂತ. ಜೇವರ್ಗಿ ಕಡಿ ಅಂದೋಲಾ ಊರಾಗ ಅವ್ರ ಅಳಿಯಂದೂ ಇಂಥಾದೊಂದು ಟ್ಯಾಂಕ್ ಅದಂತ, ತಳ ಒಡದದಂತ. ನೀವೇ ಬರಬೇಕಂತ."

"ಅಲ್ಲಿ ಎಂಥ ಮಣ್ಣು, ಕೇಳು."

ಕೇಳಿದಳು. "ಎರಿ ಅಂತ್ರಿ."

ನಾನು ಇಟ್ಟಿಗೆ ರಾಶಿಯ ಮೇಲೆ ಕೂತೆ. "ಬರ್ತೀನಂತ ಹೇಳು," ಎಂದೆ.