ಐದನೆಯ ನಿಯಮ

ಕ್ಯಾಮೆರಾ ಕಾಕಾ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಬೆಳಗಾವಿಯ ನಮ್ಮ ಕಾಲೇಜಿನ ಪ್ರೊಜೆಕ್ಟರ್ ಪೆಟ್ಟಿಗೆಯನ್ನು ವರ್ಷಗಟ್ಟಲೆ ಅದೇ ಕೈಯಲ್ಲಿ ಹಿಡಿದು ತಿರುಗಿದ್ದರ ಗುರುತು ಅದು. ಕ್ಯಾಮೆರಾ ಕೋಣೆಯ ಕೀಲಿ ಅವರ ಬಳಿ ಇರುತ್ತಿತ್ತು. ಹುದ್ದೆ ಸಹಾಯಕನದು, ಗತ್ತು ಕುಲಪತಿಯದು. "ಚುರಮುರಿ ತಿಂದ ಕೈಲೆ ಲೆನ್ಸ್ ಮುಟ್ಟಬ್ಯಾಡ್ರಿ, ಮೊದಲ ತೊಳಕೊಂಡ ಬರ್ರಿ" ಎಂದು ಎಲ್ಲರನ್ನೂ ಬಾಗಿಲಲ್ಲೇ ತಡೆಯುತ್ತಿದ್ದರು.

ಎಂಬತ್ತರ ದಶಕದ ನಡುವೆ ಕಾಲೇಜಿಗೆ ವಿಡಿಯೊ ಕ್ಯಾಮೆರಾ ಬಂತು. ಬೆನ್ನಿಗೇ ವಿಶ್ವವಿದ್ಯಾಲಯದ ನಿಯಮಗಳ ಹಾಳೆಯೂ ಬಂತು. ವಿದ್ಯಾರ್ಥಿಗಳು ಹೊರಗಿನವರಿಗೆ ಚಿತ್ರ ಮಾಡಿಕೊಡುವುದಾದರೆ ಲಿಖಿತ ಅರ್ಜಿ ಬೇಕು, ಸಿಬ್ಬಂದಿ ಜೊತೆಗಿರಬೇಕು, ಪರೀಕ್ಷೆಯ ದಿನಗಳಲ್ಲಿ ಕೂಡದು, ಮೂಲ ಕ್ಯಾಸೆಟ್ ಕಾಲೇಜಿನಲ್ಲೇ ಉಳಿಯಬೇಕು. ನಾಲ್ಕೇ ನಿಯಮ, ಕೆಳಗೆ ಖಾಲಿ ಜಾಗ. ಕಾಕಾ ಅಲ್ಲಿ ನೀಲಿ ಶಾಯಿಯಲ್ಲಿ ಐದನೆಯದನ್ನು ಬರೆದರು: "ಚಿತ್ರದಲ್ಲಿ ಇರುವವರೇ ಮೊದಲು ನೋಡಬೇಕು. ಅವರು ಬೇಡ ಎಂದದ್ದನ್ನು ತೆಗೆಯಬೇಕು, ಇರಲಿ ಎಂದದ್ದನ್ನು ಮುಟ್ಟಬಾರದು." ಸಹಿಗೆ ಬಂದ ಕಾಗದ ಓದುವ ಚಟ ನಮ್ಮ ಪ್ರಾಂಶುಪಾಲರಿಗಿರಲಿಲ್ಲ. ಸಹಿ ಬಿತ್ತು, ಹಾಳೆ ಕಪಾಟಿನ ಬಾಗಿಲಿಗೆ ಅಂಟಿತು.

ನಾನು ಕೊನೆಯ ವರ್ಷದಲ್ಲಿದ್ದಾಗ ಖಾನಾಪುರದ ಹಂಚಿನ ಕಾರ್ಖಾನೆಯ ಮಾಲೀಕರೊಬ್ಬರು ತಮ್ಮ ಕಾರ್ಖಾನೆಯ ಚಿತ್ರ ಮಾಡಿಕೊಡಿ ಎಂದು ಅರ್ಜಿ ಕೊಟ್ಟರು. ಪರೀಕ್ಷೆಯ ಅಂಕಕ್ಕೆ ಒಪ್ಪಿಸಬೇಕಿದ್ದ ನನ್ನ ಚಿತ್ರವೂ ಅದೇ ಆಗಲಿ ಎಂದು ಕಾಕಾ ಜೊತೆ ಹೋದೆ. ಹಸಿ ಹಂಚು ಹೊರುತ್ತಿದ್ದ ಹೆಂಗಸೊಬ್ಬಳು ಕ್ಯಾಮೆರಾದ ಮುಂದೆ ತಾನಾಗಿ ಬಂದು ನಿಂತು ಹೇಳಿದಳು: "ಈ ಊರಾಗಿನ ಅರ್ಧ ಮನಿ ಮ್ಯಾಲ ನಾ ಹೊತ್ತ ಹಂಚು ಅದಾವು. ನನ್ನ ಹೆಸರ ಮಾತ್ರ ಹಾಜರಿ ಪುಸ್ತಕದಾಗ ಇಲ್ಲ."

ಮುಂದಿನ ವಾರ ಕಾಕಾ ಕಾಲೇಜಿನ ಟಿ.ವಿ.ಯನ್ನು ಕೌದಿಯಲ್ಲಿ ಸುತ್ತಿ ಲೋಂಡಾ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಒಯ್ದರು. ಶಾಲೆಯೊಂದರ ಪಡಸಾಲೆಯಲ್ಲಿ ಕೆಲಸದವರೆಲ್ಲ ಕೂತು ನೋಡಿದರು. ತನ್ನ ಮುಖ ಬಂದಾಗ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದನ್ನ ಮಾಲಕರೂ ನೋಡ್ತಾರವ್ವಾ. ವಿಚಾರ ಮಾಡು" ಎಂದರು ಕಾಕಾ.

"ನೋಡ್ಲಿ ಅಂತನ ಹೇಳೇನ್ರಿ. ಇರಲಿ, ತಗೀಬ್ಯಾಡ್ರಿ."

ಮಾಲೀಕರು ನೋಡಿದರು, ಸಿಟ್ಟಾದರು. ಪ್ರಾಂಶುಪಾಲರು ನನ್ನನ್ನು ಕರೆಸಿ, ಆ ಮಾತು ಅಳಿಸದಿದ್ದರೆ ಚಿತ್ರಕ್ಕೆ ಅಂಕವಿಲ್ಲ ಎಂದರು. ನಾನು ಹೆದರಿದೆ. ಕ್ಯಾಸೆಟ್ ಹಾಕಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಕಾಕಾ ಬಂದರು.

"ಅಕಿ ಇರಲಿ ಅಂದಾಳ. ತಗ್ಯಾಕ ನೀ ಯಾರು?"

"ಅಂಕ ಹೋಗ್ತಾವ ಕಾಕಾ."

"ಹೋಗ್ಲಿ! ಅಂಕ ಮತ್ತ ಬರ್ತಾವ. ಅಕಿ ಮತ್ತ ಮಾತಾಡ್ತಾಳೇನು?"

ಕಪಾಟಿನ ಮೇಲಿನ ಹಾಳೆ ಕಿತ್ತುಕೊಂಡು ನೇರ ಪ್ರಾಂಶುಪಾಲರ ಕೋಣೆಗೆ ನಡೆದರು. ನಾನು ಹಿಂದೆ ಓಡಿದೆ. ಹಾಳೆ ಓದಿದ ಪ್ರಾಂಶುಪಾಲರು ಮೇಜು ಕುಟ್ಟಿ, ಇದು ವಿಶ್ವವಿದ್ಯಾಲಯದ ನಿಯಮವೇ ಅಲ್ಲ ಎಂದು ಕೂಗಿದರು.

"ಅಲ್ಲರಿ, ಅದು ನಂದು," ಎಂದರು ಕಾಕಾ. "ಸಹಿ ಅಷ್ಟ ನಿಮ್ದು."

ನನಗೆ ಅಂಕ ಬರಲಿಲ್ಲ, ಮರುವರ್ಷ ಮತ್ತೆ ಪರೀಕ್ಷೆಗೆ ಕೂತೆ. ಪ್ರಾಂಶುಪಾಲರು ಕಾಕಾ ಅವರ ಕೀಲಿ ಕಸಿದುಕೊಂಡು ಅವರನ್ನು ಹಳೆಯ ಪತ್ರಿಕೆಗಳ ಕೋಣೆಗೆ ಹಾಕಿದರು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೀಲಿ ವಾಪಸ್ ಎಂದು ಬಿಳಿ ಹಾಳೆ ಕಳಿಸಿದರೆ, ಕಾಕಾ ಅದರ ಮೇಲೆ ಐದನೆಯ ನಿಯಮವನ್ನೇ ಇನ್ನೊಮ್ಮೆ ಬರೆದು, "ಈ ಸಲಾ ಓದಿ ಸಹಿ ಮಾಡ್ರಿ" ಎಂದು ವಾಪಸ್ ಕಳಿಸಿದರು. ಆ ಹೆಂಗಸಿನ ಹೆಸರು ಪುಸ್ತಕಕ್ಕೆ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಕೆಯ ಮಾತು ಮಾತ್ರ ನಾಲ್ಕನೆಯ ನಿಯಮದ ಪ್ರಕಾರ ಕಾಲೇಜಿನ ಕಪಾಟಿನಲ್ಲೇ ಉಳಿಯಿತು.

ನಿವೃತ್ತಿಯಾದ ಮರುವರ್ಷವೇ ಕಾಕಾ ತೀರಿಕೊಂಡರು. ಮುಂದೆ ಚಿತ್ರ ಮಾಡುವುದೇ ನನ್ನ ಕಸುಬಾಯಿತು. ಐದನೆಯ ನಿಯಮ ಬಿಟ್ಟಿಲ್ಲ, ಅದರಿಂದ ಕೈತಪ್ಪಿದ ಕೆಲಸಗಳಿಗೆ ಅತ್ತೂ ಇಲ್ಲ.

ಈ ಬರಹವನ್ನು ಮೊದಲು ಕಾಕಾ ಅವರೇ ನೋಡಬೇಕಿತ್ತು. ಅವರಿಲ್ಲದ್ದಕ್ಕೆ ಟಿಳಕವಾಡಿಯ ಮನೆಗೆ ಹೋಗಿ ಅವರ ಹೆಂಡತಿ, ನಮ್ಮ ಕಾಕುಗೆ ಓದಿ ಹೇಳಿದೆ. ಭುಜದ ಮಾತು ಬಂದಾಗ ನಕ್ಕರು. ಗುಂಡಿಯ ಮೇಲೆ ಬೆರಳಿಟ್ಟಲ್ಲಿ ನನಗೇ ನಾಚಿಕೆಯಾಗಿ, "ಇದೊಂದು ತಗೀಲೇನ್ರಿ ಕಾಕು?" ಎಂದು ಕೇಳಿದೆ.



"ಇರಲಿ," ಎಂದರು ಕಾಕು. "ತಗೀಬ್ಯಾಡ."