ಹಿಂದಿನ ಕಿಟಕಿಯಿಂದ ಕೋಲು ಆರಿಸುವ ತಾರವ್ವ

ಬೆಳಗಿನ ಐದೂವರೆ. ಸಕ್ಕರೆ ಕಾರ್ಖಾನೆಯ ಚಿಮಣಿಯ ಹೊಗೆ ಮೇಲೇಳದೆ ನೆಲಕ್ಕೇ ಅಂಟಿಕೊಂಡಿದೆ. ಅಧಿಕಾರಿಗಳ ಕ್ಲಬ್ಬಿನ ಹಿಂದಿನ ಕಿಟಕಿಯ ಕೆಳಗೆ ತಾರವ್ವ ಕುಕ್ಕರುಗಾಲಲ್ಲಿ ಕೂತು ಗಾಲ್ಫ್ ಕೋಲುಗಳನ್ನು ಒರೆಸುತ್ತಿದ್ದಾರೆ. ಹಸಿ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಇನ್ನೊಂದು ಸಲ. ಒರೆಸಿದ ಪ್ರತಿ ಕೋಲನ್ನೂ ಎರಡು ಬೆರಳುಗಳ ಮೇಲೆ ಅಡ್ಡ ಇಟ್ಟು, ಅದು ಯಾವ ಕಡೆ ವಾಲುತ್ತದೆಂದು ನೋಡುತ್ತಾರೆ. ಹೀಗೆ ನೋಡು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ರಾಯಬಾಗ, ಚಿಕ್ಕೋಡಿ ಕಡೆಯ ಕಾರ್ಖಾನೆ ಇದು, ಹೆಸರು ಬೇಡ. ಅಧಿಕಾರಿಗಳ ಮನೆಗಳ ಹಿಂದಿನ ಬರಡು ನೆಲದಲ್ಲಿ ಆರು ಕುಳಿಗಳ ಗಾಲ್ಫ್ ಮೈದಾನವಿದೆ. ಕುಳಿಯ ಸುತ್ತ ಹುಲ್ಲಿಲ್ಲ, ಎಣ್ಣೆ ಕಲಸಿದ ಮರಳಿದೆ. ಆ ಮರಳನ್ನು ಗೋಣಿಚೀಲ ಎಳೆದು ಸಮ ಮಾಡುವುದು, ಜಾಲಿಗಿಡಗಳ ಬುಡದಲ್ಲಿ ಕಳೆದ ಚೆಂಡು ಹುಡುಕುವುದು, ನಲವತ್ತೆರಡು ಕೋಲು ಒರೆಸಿ ಸಡಿಲಾದ ಹಿಡಿಕೆ ಬಿಗಿಯುವುದು, ಎಲ್ಲ ತಾರವ್ವನವರದೇ. ಹನ್ನೊಂದು ವರ್ಷವಾಯಿತು. ಹಾಜರಿ ಪುಸ್ತಕದಲ್ಲಿ ಮಾತ್ರ ಈಗಲೂ ‘ಹುಲ್ಲು ಕೀಳುವ ಹೆಣ್ಣಾಳು’ ಎಂದಿದೆ.

ಕೂಲಿಯವರು ಕ್ಲಬ್ಬಿನ ವರಾಂಡ ಹತ್ತುವಂತಿಲ್ಲ. ಕೋಲುಗಳು ಹಿಂದಿನ ಕಿಟಕಿಯಿಂದಲೇ ಒಳಗೆ ಹೋಗಬೇಕು, ಹೊರಗೆ ಬರಬೇಕು. ಹೊಸ ಅಧಿಕಾರಿಯೊಬ್ಬರು ಆಟ ಕಲಿಯಲು ಬಂದರೆ ಕಾರ್ಯದರ್ಶಿ ಆಬಾಸಾಹೇಬರು ವರಾಂಡದಿಂದ ಕೂಗುತ್ತಾರೆ. ತಾರವ್ವ ಕಿಟಕಿಯ ಸರಳಿನ ನಡುವೆ ಆ ಮನುಷ್ಯನನ್ನು ಒಮ್ಮೆ ನೋಡಿ, ಅವನ ಕೈಗೆ ಒಗ್ಗುವ ಕೋಲನ್ನು ಆರಿಸಿ ಚಾಚುತ್ತಾರೆ. ಎಷ್ಟು ಜನರಿಗೆ ಹೀಗೆ ಆರಿಸಿಕೊಟ್ಟಿದ್ದೀರಿ ಎಂದು ನಾನು ಕೇಳಿದರೆ ನಗುತ್ತಾರೆ.

“ಕೊಟ್ಟದ್ದ ಎಣಿಸಿಲ್ರಿ ಅಕ್ಕಾರ. ಹೊಂದಲಿಲ್ಲ ಅಂತ ತಿರುಗಿ ಬಂದದ್ದು ಎರಡ.”

ಈ ಕಣ್ಣು ಎಲ್ಲಿಂದ ಬಂತು? ತಾರವ್ವ ಕೊಕಟನೂರಿನ ಬಡಿಗೇರ ಮನೆಯ ಮಗಳು. ತಂದೆ ಸಲಿಕೆಗೆ ಕಾವು, ಅಂದರೆ ಮರದ ಹಿಡಿಕೆ, ಹಾಕುವಾಗ ಕೇಳಿದವರನ್ನು ಬರಿಗಾಲಲ್ಲಿ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಿಸಿ, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ದಾರ ಬಿಟ್ಟು ಗಂಟು ಹಾಕುತ್ತಿದ್ದರಂತೆ. ಆ ಗಂಟೇ ಕಾವಿನ ಉದ್ದಕ್ಕೆ ಆಧಾರ. ದಾರ ಹಿಡಿಯುವ ಕೆಲಸ ಸಣ್ಣ ತಾರವ್ವನದು.

ಹದಿನಾರಕ್ಕೆ ಮದುವೆಯಾಗಿ ಅಲಖನೂರಿಗೆ ಬಂದಾಗ, ಕಬ್ಬಿಗೆ ನೀರು ತಿರುವಲು ಅವರ ಕೈಗೆ ಮಾವನ ಸಲಿಕೆ ಬಂತು. ಮಾವ ಬಲು ಎತ್ತರದವರು, ಸೊಸೆ ಅವರ ಎದೆಮಟ್ಟಕ್ಕೂ ಇಲ್ಲ. ಎರಡು ತಿಂಗಳಲ್ಲಿ ಸೊಂಟ ಹಿಡಿಯಿತು. “ತವರಾಗ ಕುಂತ ಉಂಡಾಕಿ, ಮೈ ಬಗ್ಗಂಗಿಲ್ಲ” ಎಂದು ಅತ್ತೆ ಓಣಿಗೆಲ್ಲ ಸಾರಿದರು. ನೋಡಲು ಬಂದ ತಂದೆ ಬೀಗರೊಡನೆ ವಾದಿಸಲಿಲ್ಲ. ಸಲಿಕೆಯ ಕಾವನ್ನು ಒಂದು ಗೇಣು ಕೊಯ್ದಿಟ್ಟು ಹೋದರು. ಮರುದಿನದಿಂದ ಸೊಂಟವೂ ಸುಮ್ಮನಾಯಿತು, ಅತ್ತೆಯೂ ಸುಮ್ಮನಾದರು.

“ಎರಡ ತಿಂಗಳ ನಾನೂ ಹಂಗ ತಿಳಕೊಂಡಿದ್ದೆ, ನನ್ನ ಮೈಯಾಗ ದೋಷ ಐತಿ ಅಂತ,” ಎನ್ನುತ್ತಾರೆ ತಾರವ್ವ. “ಅದ ಸಿಟ್ಟ ನೋಡ್ರಿ ನಂದು. ಬೈದದ್ದಕ್ಕ ಅಲ್ಲ. ನಾನೂ ಅದನ್ನ ನಂಬಿದ್ನಲ್ಲಾ, ಅದಕ್ಕ.”

ಆ ಹಳೆಯ ಸಿಟ್ಟು ಹೋದ ದೀಪಾವಳಿಯಲ್ಲಿ ಮತ್ತೆ ಹೊತ್ತಿಕೊಂಡಿತು. ಪಾಡ್ಯದ ದಿನ ಆರತಿ ಎತ್ತಿದ ಹೆಂಡತಿಗೆ ಗಂಡ ಉಡುಗೊರೆ ಕೊಡುವುದು ಈ ಸೀಮೆಯ ರೂಢಿ. ಕಾರ್ಖಾನೆಯ ತರುಣ ಇಂಜಿನಿಯರ್ ಬಾಹುಬಲಿ ತಮ್ಮ ಹೊಸ ಹೆಂಡತಿ, ಶೇಡಬಾಳದ ರಾಜಮತಿಗೆ ಸೀರೆಯ ಬದಲು ಪುಣೆಯಿಂದ ಹದಿನಾಲ್ಕು ಗಾಲ್ಫ್ ಕೋಲುಗಳ ಚೀಲ ತಂದುಕೊಟ್ಟರು. ಮನಸ್ಸು ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಒಂದೊಂದೇ ಕೋಲನ್ನು ಬೀಸಿ ನೋಡಿದವರು ಆರಡಿ ಎತ್ತರದ ಬಾಹುಬಲಿ. ಆಡಬೇಕಾದ ರಾಜಮತಿ ಐದಡಿಗೂ ಒಂದು ಬೆರಳು ಕಡಿಮೆ.

ಚೀಲ ಕಿಟಕಿಗೆ ಬಂದ ದಿನವೇ ತಾರವ್ವ ಹೇಳಿದರು: “ಸಾಹೇಬ್ರ, ಇವು ರಾಜಮತಿ ಬಾಯಾರಿಗೆ ಉದ್ದ ಆಗ್ತಾವ. ಕೋಲಿನ ತಲಿನೂ ವಜ್ಜ, ಕೈಗೆ ಭಾರ.”

“ನಿನ್ನ ಕೇಳಿದವರ ಯಾರ ಬೇ?” ಎಂದರು ಆಬಾಸಾಹೇಬರು. “ಪುಣೇದವರಿಗಿಂತ ನಿನಗ ಹೆಚ್ಚ ಗೊತ್ತೈತೇನ? ಹುಲ್ಲ ಕೀಳ ಹೋಗ.”

ಹದಿನೈದು ದಿನಗಳಲ್ಲಿ ರಾಜಮತಿಯ ಮಣಿಕಟ್ಟು ಬಾತು, ಅರಿಸಿನದ ಪಟ್ಟಿ ಬಿತ್ತು. ಕೋಲು ಚೆಂಡಿಗೆ ತಗಲುವ ಮೊದಲೇ ಮಣ್ಣಿಗೆ ಬಡಿಯುತ್ತಿತ್ತು. ವರಾಂಡದ ಕುರ್ಚಿಗಳಲ್ಲಿ ನಗೆ. ಕೋಲೇ ಭಾರ ಎಂದು ರಾಜಮತಿ ಮೆಲ್ಲಗೆ ಹೇಳಿದ್ದಕ್ಕೆ, “ಕುಣಿಯಾಕ ಬಾರದಾಕಿ ಅಂಗಳ ಡೊಂಕ ಅಂದ್ಲಂತ” ಎಂದು ಆಬಾಸಾಹೇಬರು ಗಾದೆ ಹಾಕಿದರು. ಹೆಂಗಸರ ಆಟವಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಚೀಲವನ್ನು ಕಪಾಟಿಗೆ ಹಾಕಿ ಬೀಗ ಜಡಿಯುವುದೆಂದು ಬಾಹುಬಲಿಯೂ ನಿಶ್ಚಯಿಸಿದರು. ಹದಿನಾಲ್ಕು ಕೋಲುಗಳಲ್ಲಿ ಒಂದರ ಮೇಲೂ ವರಾಂಡದ ಯಾರಿಗೂ ಸಂಶಯ ಬರಲಿಲ್ಲ. ಸಂಶಯವೆಲ್ಲ ಒಬ್ಬ ಹೆಣ್ಣುಮಗಳ ರಟ್ಟೆಯ ಮೇಲೆ.

ಸೋಮವಾರ ಕ್ಲಬ್ಬಿಗೆ ರಜೆ. ಅಂದು ರಾಜಮತಿ ಒಬ್ಬರೇ ಹಿಂದಿನ ಕಿಟಕಿಯ ಹತ್ತಿರ ಬಂದರು.

“ತಾರವ್ವಾ, ಖರೇ ಹೇಳ. ನನ್ನ ಕೈಯಾಗ ಕಸುವ ಇಲ್ಲೇನ?”

“ಕಸುವಿಗೇನ ಆಗೇತ್ರಿ ಬಾಯಾರ. ಅಂಗಳಾನೂ ಒಮ್ಮೊಮ್ಮೆ ಡೊಂಕ ಇರ್ತೈತಿ. ಚಪ್ಪಲಿ ಬಿಟ್ಟ ನಿಂದರ್ರಿ.”

ಬೇವಿನ ಗಿಡದ ಕೆಳಗೆ ತಾರವ್ವ ದಾರ ಬಿಟ್ಟು ಗಂಟು ಹಾಕಿದರು. ವರ್ಗವಾಗಿ ಹೋದವರು ಬಿಟ್ಟುಹೋದ ಹಳೆಯ ಕೋಲುಗಳು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಅವುಗಳಿಂದ ಮೂರನ್ನು ತೆಗೆದರು: ಹಗುರ ತಲೆಯ, ಚೆಂಡನ್ನು ಮೇಲಕ್ಕೆತ್ತುವ ಏಳನೆಯ ನಂಬರಿನದು, ಕಾವು ಚೆನ್ನಾಗಿ ಬಳುಕುವ ಕಟ್ಟಿಗೆ ತಲೆಯದು, ಕುಳಿಯ ಹತ್ತಿರ ಮೆಲ್ಲಗೆ ತಳ್ಳುವುದೊಂದು. ಹೊಸಬರಿಗೆ ಹದಿನಾಲ್ಕು ಯಾಕೆ ಬೇಡ ಎಂದರೆ, “ಅಡಿಗಿ ಕಲಿಯಾಕ ಬಂದ ಹುಡಿಗಿ ಮುಂದ ಯಾರರೆ ಲಗ್ನದ ಭಾಂಡೆ ಪಾತ್ರಿ ಎಲ್ಲಾ ಇಡ್ತಾರೇನ್ರಿ?” ಎನ್ನುತ್ತಾರೆ. ವರ್ಕ್‌ಶಾಪಿನ ಗರಗಸದಿಂದ ಹಿಡಿಕೆಯ ಕಡೆಗೆ ಕೊಯ್ದು, ಬಟ್ಟೆ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರು.

ವಿಷಯ ತಿಳಿದ ಆಬಾಸಾಹೇಬರು ಕ್ಲಬ್ಬಿನ ಸಾಮಾನು ಹಾಳು ಮಾಡಿದ ತಪ್ಪಿಗೆ ತಾರವ್ವನವರನ್ನು ಎಂಟು ದಿನ ಕೆಲಸದಿಂದ ಇಳಿಸಿದರು. ಹನ್ನೊಂದು ವರ್ಷ ತುಕ್ಕು ಹಿಡಿದಾಗ ಆ ಸಾಮಾನು ಯಾರದೂ ಆಗಿರಲಿಲ್ಲ.

ಒಂಬತ್ತನೆಯ ದಿನ ಅವರು ಮರಳಿದಾಗ ರಾಜಮತಿ ಮೂರನೆಯ ಕುಳಿಯತ್ತ ಹೊಡೆಯಲು ನಿಂತಿದ್ದರು. ಏಳನೆಯ ನಂಬರಿನ ಕೋಲು ಬೀಸಿದರು. ಚೆಂಡು ಜಾಲಿಗಿಡಗಳನ್ನು ದಾಟಿ ಕುಳಿಯ ಸುತ್ತಿನ ಮರಳಿನ ನಡುವೆ ಬಿದ್ದು ನಿಂತಿತು. ವರಾಂಡದಲ್ಲಿ ಯಾರೂ ನಗಲಿಲ್ಲ. ಬಾಹುಬಲಿ ಎದ್ದು ಹೋಗಿ ಆ ಕೋಲನ್ನು ತಿರುತಿರುಗಿಸಿ ನೋಡಿದರು.

ಇಷ್ಟಕ್ಕೆ ಮುಗಿದಿದ್ದರೆ ಈ ಬರಹ ಬೇಕಿರಲಿಲ್ಲ. ಸಂಕ್ರಾಂತಿಗೆ ಕ್ಲಬ್ಬಿನಲ್ಲಿ ಸಮಾರಂಭವಾಯಿತು. ಅಳತೆ ನೋಡಿ ಕೋಲು ಕೊಡುವ ‘ಹೊಸ ಪದ್ಧತಿ’ ತಂದದ್ದಕ್ಕಾಗಿ ಆಬಾಸಾಹೇಬರಿಗೆ ಶಾಲು, ತೆಂಗಿನಕಾಯಿ. ವರಾಂಡದಲ್ಲಿ ಈಗ ಒಂದು ಫಲಕವಿದೆ: ‘ಉಡುಗೊರೆಗಾಗಿ ಕೋಲು ಕೊಳ್ಳುವವರು ಮೊದಲು ಕಾರ್ಯದರ್ಶಿಯವರಲ್ಲಿ ಅಳತೆ ಮಾಡಿಸತಕ್ಕದ್ದು.’ ಅಂದು ಚಪ್ಪಾಳೆಯ ಸದ್ದನ್ನು ತಾರವ್ವ ಕಿಟಕಿಯ ಆಚೆ ನಿಂತು ಕೇಳಿದರು. ರಾಜಮತಿ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮರುದಿನ ಬಂದು ಕಣ್ಣಲ್ಲಿ ನೀರು ತಂದುಕೊಂಡರು: “ಅತ್ತಿ-ಮಾವ ಬಾಜೂಕ ಕುಂತಿದ್ರು. ಬಾಯಿ ಬರಲಿಲ್ಲ ತಾರವ್ವ.”

ತಾರವ್ವನವರಿಗೆ ಅವರ ಮೇಲೆ ಸಿಟ್ಟಿಲ್ಲ. “ಕೈಗೆ ಕೋಲ ಸರಿ ಮಾಡಿ ಕೊಟ್ಟೆ. ಬಾಯಿಗೆ ನಾ ಏನ ಮಾಡ್ಲಿರಿ? ಅದನ್ನ ಅವರ ಮಾಡ್ಕೋಬೇಕು.”

ಬೆಳಕು ಹರಿಯುತ್ತದೆ. ವರಾಂಡದಲ್ಲಿ ಹೊಸ ಅಧಿಕಾರಿಯೊಬ್ಬರು ಅಳತೆಗೆ ನಿಂತಿದ್ದಾರೆ. ಆಬಾಸಾಹೇಬರು ಗಂಭೀರವಾಗಿ ದಾರ ಇಳಿಬಿಟ್ಟು ಗಂಟು ಹಾಕಿ, ಕಿಟಕಿಗೆ ತಂದುಕೊಡುತ್ತಾರೆ. ತಾರವ್ವ ಸರಳಿನ ನಡುವೆ ಆ ಅಧಿಕಾರಿಯ ಪಾದ ನೋಡುತ್ತಾರೆ. ಕಾಲಲ್ಲಿ ಕಾರ್ಖಾನೆಯ ದಪ್ಪ ಅಟ್ಟೆಯ ಬೂಟು; ಅಳತೆ ಅಷ್ಟು ಹೆಚ್ಚು ಬಂದಿದೆ. ಆ ಗಂಟು ಬಿಚ್ಚಿ, ಎರಡು ಬೆರಳು ಕಡಿಮೆ ಅಳತೆಗೆ ಹೊಸ ಗಂಟು ಹಾಕಿ, ಅದಕ್ಕೆ ಹೊಂದುವ ಕೋಲನ್ನು ಚಾಚುತ್ತಾರೆ. ಪ್ರತಿ ಸಲವೂ ಹೀಗೆಯೇ. ಶಾಲು ಹೊದ್ದವರ ತಪ್ಪನ್ನು ಹಿಂದಿನ ಕಿಟಕಿ ತಿದ್ದುತ್ತಿದೆ.

ನಿಮಗೇನು ಬೇಕು ತಾರವ್ವ ಎಂದರೆ ಕೈಯಲ್ಲಿನ ಹಸಿ ಬಟ್ಟೆ ಹಿಂಡಿ ಪಕ್ಕಕ್ಕಿಡುತ್ತಾರೆ.

“ಶಾಲ ತಗೊಂಡ ಏನ ಮಾಡ್ಲಿರಿ, ಈ ಬಿಸಲಾಗ? ಒಂದ ದಿನ ಆ ವರಾಂಡ ಹತ್ತಬೇಕು. ದಾರ ನನ್ನ ಕೈಯಾಗ ಇರಬೇಕು. ಎದುರಿಗೆ ನಿಂತ ಹೇಳಬೇಕು, ‘ಸಾಹೇಬ್ರ, ಮೊದಲ ಬೂಟ ಬಿಚ್ಚರಿ.’ ಅಷ್ಟ.”